ಯಾರೂ ಇಲ್ಲದ ಸೀಜನ್

ಹನ್ನೊಂದನೆಯ ದಿನದ ಕಾರ್ಯ ಮುಗಿಸಿ ಊರಿನವರೆಲ್ಲ ರಾತ್ರಿಯ ಗಾಡಿ ಹತ್ತಿದರು. ಮರುದಿನ ಬೆಳಿಗ್ಗೆ ಏಳಕ್ಕೆ ಪಕ್ಕದ ಖೋಲಿಯ ಕಸ್ತೂರಿಬಾಯಿ ಎರವಲು ಕೊಟ್ಟ ತನ್ನ ಥರ್ಮಾಸನ್ನು ಬಾಯಿಬಿಟ್ಟು ಕೇಳದೇ ಇರಲು ಬಂದಳು.

ಬಂದವಳು ಶಿವಕುಮಾರಿಯ ಕೈ ಹಿಡಿದು ಮಂಚದ ತುದಿಗೆ ಕೂತಳು. "ಧೈರ್ಯ ತಗೋಬೇಕವಾ. ಎಲ್ಲಾ ಅವನ ಇಚ್ಛಾ." ಮಾತು ಶಿವಕುಮಾರಿಗೆ, ಕಣ್ಣು ಕಪಾಟಿನ ಮೇಲಿನ ಸ್ಟೀಲ್ ಥರ್ಮಾಸಿಗೆ. "ನಮ್ಮನಿಯವರಿಗೆ ಈಗ ಎರಡೆರಡು ಸಲ ಚಾ ಕಾಸೂದಾಗೈತಿ. ಇರ್ಲಿ ಬಿಡು, ಅದೇನ್ ದೊಡ್ಡದು."

ಎಂಟಕ್ಕೆ ಎದುರು ಖೋಲಿಯ ವಾರಿಜಾ ನೀರುದೋಸೆ ತಂದಳು. ತನ್ನ ಚಕ್ರದ ಸೂಟ್‌ಕೇಸು ಮಂಚದ ಕೆಳಗೆ ಇದ್ದುದರಿಂದ ಅದನ್ನು ನೋಡಲು ಅವಳು ನೆಲದ ಮೇಲೆಯೇ ಕೂರಬೇಕಾಯಿತು. "ಎಂತದೂ ತಲೆಬಿಸಿ ಮಾಡ್ಬೇಡ ಮಾರಾಯ್ತಿ. ನಾವು ಊರಿಗೆ ಹೊರಡ್ಲಿಕ್ಕೆ ಇನ್ನೂ ಒಂದು ವಾರ ಉಂಟು."

ಎಂಟೂವರೆಗೆ ಬಿಲ್ಡಿಂಗ್ ಕಮಿಟಿಯ ಸೆಕ್ರೆಟರಿ ಬಸವಂತರಾಯರು ತಲೆಗೆ ಟವೆಲ್ ಸುತ್ತಿಕೊಂಡು ಬಂದರು. ಮುಂಬಯಿಯ ಜನವರಿ, ಹೊರಗೆ ಜನ ಬನಿಯನ್ನಿನಲ್ಲಿ ಹಲ್ಲುಜ್ಜುತ್ತಿದ್ದರು. "ಈ ವರ್ಷ ಥಂಡಿ ಭಾಳ ಅದವಾ," ಎನ್ನುತ್ತ ಕಿವಿ ಮುಚ್ಚಿಕೊಂಡರು. ಅವರ ಮಂಕಿಕ್ಯಾಪು ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿತ್ತು.

ಎಲ್ಲವೂ ಶಿವಕುಮಾರಿಯ ಗಂಡ ದೇವಾನಂದನ ಪ್ರವಾಸಕ್ಕೆಂದು ಕೊಟ್ಟ ಸಾಮಾನು. ಸಯನ್ನಿನ ಆ ಮೂರು ಮಾಳಿಗೆಯ ಬಿಲ್ಡಿಂಗಿನಲ್ಲಿ ಒಂದು ಪದ್ಧತಿಯಿತ್ತು. ಯಾರಾದರೂ ದೂರದ ಊರಿಗೆ ಹೊರಟರೆ ಮನೆಗೊಂದು ವಸ್ತು ಎರವಲು ಕೊಡಬೇಕು. ವಸ್ತು ಹೋಗಿಬಂದರೆ ಕೊಟ್ಟವರೂ ಅರ್ಧ ಹೋಗಿಬಂದ ಹಾಗೆ. ಬೇಡ ಎಂದರೆ ಸಿಟ್ಟು. ಹೋಗದೆ ಉಳಿದರೆ ಮೋಸ. ದೇವಾನಂದ ಕಿರ್ಗಿಸ್ತಾನಕ್ಕೆ ಹೊರಟಿದ್ದಾನೆಂಬ ಸುದ್ದಿ ನಳದ ಸಾಲಿನಲ್ಲಿ ಹೊರಬಿದ್ದ ವಾರದೊಳಗೆ ಅವನ ಖೋಲಿಯಲ್ಲಿ ಕಾಲಿಡಲು ಜಾಗವಿಲ್ಲದಂತಾಯಿತು.

ಅವನಿಗೆ ಬೇಕಿದ್ದದ್ದು ಜಾಗವೇ. ಅಲ್ಲಿ ಬೆಟ್ಟಗಳ ನಡುವೆ ದೊಡ್ಡದೊಂದು ಸರೋವರವಿದೆ, ಬೇಸಿಗೆಯಲ್ಲಿ ಜನ ಮುತ್ತುತ್ತಾರೆ, ಚಳಿಗಾಲದಲ್ಲಿ ಹೋಟೆಲುಗಳೆಲ್ಲ ಖಾಲಿ ಎಂದು ಎಲ್ಲೋ ಓದಿದ್ದ. "ಫೆಬ್ರವರಿ ಅಂದ್ರ ಆಫ್ ಸೀಜನ್, ಶಿವೂ. ದರ ಅರ್ಧ, ಮಂದಿ ಸೊನ್ನಿ. ದಂಡಿ ಮ್ಯಾಲ ನಾವಿಬ್ಬರಽ."

ಭೂಗೋಳದಲ್ಲಿ ಎಂ.ಎ. ಮಾಡಿದ್ದ ಶಿವಕುಮಾರಿಗೆ ಆ ಸರೋವರ ಗೊತ್ತಿತ್ತು. ಎಂಥ ಚಳಿಗೂ ಅದು ಹೆಪ್ಪುಗಟ್ಟುವುದಿಲ್ಲ ಎಂದು ಹೇಳಿದಳು. ಆಮೇಲೆ, "ಯಾರೂ ಇಲ್ಲದ ಊರಾಗ ನಾ ಯಾರ ಕೂಡ ಮಾತಾಡ್ಲಿ?" ಎಂದಳು. ಅವನು ನಕ್ಕ. ಹೊಸ ವರ್ಷದ ಕ್ಯಾಲೆಂಡರ್ ಮುಂಚೆಯೇ ತಂದು ಫೆಬ್ರವರಿ ಒಂಬತ್ತಕ್ಕೆ ಕೆಂಪು ಸುತ್ತು ಹಾಕಿದ.

ಜನವರಿಯ ಒಂದು ಸಂಜೆ ಕಾಂದಿವಲಿಯ ಕಾರ್ಖಾನೆಯಿಂದ ಮರಳುವಾಗ, ಲೋಕಲ್ಲಿನಲ್ಲಿ, ನಿಂತಲ್ಲೇ ಅವನ ಎದೆಬಡಿತ ನಿಂತಿತು. ಗರ್ದಿ ಎಷ್ಟಿತ್ತೆಂದರೆ ದಾದರ್ ಬಂದು ಜನ ಇಳಿಯುವವರೆಗೆ ಅವನಿಗೆ ಬೀಳಲೂ ಜಾಗ ಸಿಗಲಿಲ್ಲ.

ಈಗ ಮೂವರೂ ಅವನ ಖೋಲಿಯಲ್ಲಿ ಕೂತು ತಂತಮ್ಮ ಸಾಮಾನನ್ನು ನೋಡುತ್ತಿದ್ದರು. 'ಒಯ್ರಿ' ಎನ್ನಲು ಶಿವಕುಮಾರಿ ಬಾಯಿ ತೆರೆದಳು. ಹೊರಗೆ ಬಂದದ್ದು ಬೇರೆ.

"ಕೊಡಂಗಿಲ್ಲ. ನನಗ ಬೇಕು. ಒಂಬತ್ತಕ್ಕ ನಾ ಹೊಂಟೀನಿ."

ಹೇಳಿದ ಮೇಲೆ ಅವಳಿಗೇ ಗೊತ್ತಾಯಿತು, ಅದು ನಿಜವೆಂದು. ಹನ್ನೊಂದು ದಿನಗಳಲ್ಲಿ ಅವಳಿಗೆ ಬೇಕೆನಿಸಿದ ಮೊದಲ ವಸ್ತು ಅದು.

ಖೋಲಿ ಕರೆಂಟು ಹೋದ ಹಾಗೆ ಸುಮ್ಮನಾಯಿತು. ಮರುಕ್ಷಣ ಜನರೇಟರ್ ಶುರುವಾಯಿತು.

"ತಿಂಗಳಾಗಿಲ್ಲವಾ ಇನ್ನೂ! ಮಂದಿ ಏನಂದಾರು?" ಎಂದಳು ಕಸ್ತೂರಿಬಾಯಿ.

"ಮಂದಿ ಅಂದ್ರ ಯಾರ್ರೀ?"

"ಯಾರಂದ್ರ? ನಾವಽ!"

"ಇದು ಕಮಿಟಿ ಮುಂದ ಬರಬೇಕಾಗ್ತದ," ಎಂದು ಬಸವಂತರಾಯರು ಟವೆಲ್ ಬಿಚ್ಚಿದರು. ಐದು ನಿಮಿಷದಲ್ಲಿ ಕಮಿಟಿ ಕಾರಿಡಾರಿನಲ್ಲಿ ನಿಂತಿತ್ತು. ಒಬ್ಬಳೇ ಹೆಂಗಸು, ಪರದೇಶ, ಹಿಮ, ಊಟಕ್ಕೆ ಕುದುರೆಮಾಂಸ. ಒಬ್ಬೊಬ್ಬರು ಬೇಡವೆಂದಾಗಲೂ ಶಿವಕುಮಾರಿಯ ಬೆನ್ನು ಒಂದಿಷ್ಟು ನೆಟ್ಟಗಾಯಿತು.

ಕೊನೆಗೆ ವಾರಿಜಾ ಕೇಳಿದಳು: "ಅಲ್ಲ, ಇವಳು ಹೋಗದಿದ್ರೆ ಆ ಟಿಕೇಟಿಗೆ ಎಂತ ಆಗ್ತದೆ?"

"ವೇಸ್ಟ್," ಎಂದರು ಬಸವಂತರಾಯರು.

ಹಾಲಿನ ಪ್ಯಾಕೇಟನ್ನೂ ತೊಳೆದು ಹಗ್ಗಕ್ಕೆ ಒಣಹಾಕುವ ಬಿಲ್ಡಿಂಗು ಅದು. ಆ ಮಾತಿನ ಮುಂದೆ ವೈಧವ್ಯ ನಿಲ್ಲಲಿಲ್ಲ. ಹತ್ತು ಗಂಟೆಗೆ ವಾರಿಜಾ ಸೂಟ್‌ಕೇಸ್ ಎಳೆದು ಒರೆಸುತ್ತಿದ್ದಳು. ಕಸ್ತೂರಿಬಾಯಿ ನಿಂಬೆ ಉಪ್ಪಿನಕಾಯಿ ಕಟ್ಟುತ್ತಿದ್ದಳು. "ಹೋಗಿ ಬಾ ಮಗಳ. ಅವನ ಆತ್ಮಕ್ಕ ಶಾಂತಿ ಸಿಗ್ತೈತಿ. ಬರಾಗ ಅಕ್ರೋಟ ತಾ." ಬಸವಂತರಾಯರು ಮಂಕಿಕ್ಯಾಪನ್ನು ತಾವೇ ಇಳಿಸಿ ಅವಳ ತಲೆಗೆ ಹಾಕಿ ಅಳತೆ ನೋಡಿದರು.

"ಪಣ ಟಿಕೇಟ್ ಕುಠೆ ಹೈ, ಆಂಟಿ?" ಟಿಕೇಟು ಎಲ್ಲಿದೆಯೆಂದು ಕೇಳಿದಳು ಕಸ್ತೂರಿಬಾಯಿಯ ಮೊಮ್ಮಗಳು ಸೋನಾಲಿ.

ಟಿಕೇಟು, ವೀಸಾ, ಹೋಟೆಲು, ಎಲ್ಲ ದೇವಾನಂದನ ಮೊಬೈಲಿನಲ್ಲಿ. ಮೊಬೈಲಿಗೆ ಬೀಗ. ನಾಲ್ಕು ಅಂಕಿ. ಶಿವಕುಮಾರಿಗೆ ಗೊತ್ತಿರಲಿಲ್ಲ, ಆದ್ದರಿಂದ ಬಿಲ್ಡಿಂಗಿಗೆಲ್ಲ ಗೊತ್ತಿತ್ತು.

"ಮದಿವಿ ವರ್ಷ ಒತ್ತು," ಎಂದಳು ಕಸ್ತೂರಿಬಾಯಿ. ಆಗಲಿಲ್ಲ.

"ಹುಟ್ಟಿದ ವರ್ಷ." ಅದೂ ಅಲ್ಲ.

"ಗಂಡಸರ ತಲಿ ನಿಮಗ ತಿಳಿಯಂಗಿಲ್ಲ," ಎಂದು ಬಸವಂತರಾಯರು ಮುಂದೆ ಬಂದರು. "ಆತ ಹಿಡೀತಿದ್ದ ಲೋಕಲ್ ಯಾವುದು? ಎಂಟು ಹನ್ನೆರಡರ ಫಾಸ್ಟ್. ಸೊನ್ನೆ, ಎಂಟು, ಒಂದು, ಎರಡು. ಒತ್ತು."

ಸೋನಾಲಿ ಒತ್ತಿದಳು. ಮೊಬೈಲು ಒಮ್ಮೆ ನಡುಗಿತು, ಇನ್ನು ಒಂದು ತಾಸು ತನ್ನ ತಂಟೆಗೆ ಬರಬಾರದೆಂದು ತಿಳಿಸಿತು.

"ಟೈಮ್ ಟೇಬಲ್ ಬದಲಾಗಿರಬೇಕು," ಎಂದರು ಬಸವಂತರಾಯರು.

ಆಗ ವಾರಿಜಾಳ ಕಣ್ಣು ಮೂಲೆಗೆ ಹೋಯಿತು. ಅಲ್ಲಿ ಕುರ್ಚಿಯ ಮೇಲೆ ಮೊಣಕಾಲುದ್ದದ ದಪ್ಪ ನೀಲಿ ಕೋಟು ಕೂತಿತ್ತು. ಬೆನ್ನ ಮೇಲೆ ಬಿಳಿ ಬಣ್ಣದಲ್ಲಿ '7'. "ಇದು ಯಾರದ್ದು? ನಮ್ಮ ಬಿಲ್ಡಿಂಗಿದಲ್ಲ."

ಅದು ಚಾಂದಸಾಬನದು. ಆಳಂದ ಕಡೆಯವನು, ದೇವಾನಂದನ ಊರಿನ ಗೆಳೆಯ. ಬೈಕುಲ್ಲಾ ಮಾರ್ಕೆಟ್ಟಿನ ಹಿಂದೆ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ. ಪ್ರತಿ ಶನಿವಾರ ದೇವಾನಂದ ಅಲ್ಲಿಗೆ ಹೋಗಿ ಈ ಕೋಟು ತೊಟ್ಟು ಮೈನಸ್ ಹದಿನೆಂಟರಲ್ಲಿ ಹತ್ತು ನಿಮಿಷ ನಿಂತು ಬರುತ್ತಿದ್ದ. ಚಳಿಯ ಪ್ರಾಕ್ಟೀಸ್. ಮನೆಯಲ್ಲಿ ಅದನ್ನೇ ತೊಟ್ಟು ಫ್ಯಾನಿನ ಕೆಳಗೆ ಕೂತು ಬೆವರುತ್ತಿದ್ದ. ಸಾಮಾನು ಕೊಟ್ಟವರಲ್ಲಿ ಇವರ ಹಾಗೆ ಕೇಳದಿರಲು ಕೂಡ ಬಾರದೆ ಉಳಿದವನು ಚಾಂದಸಾಬನೊಬ್ಬನೇ.

"ಗೆಳೆಯ ಅಂದ ಮ್ಯಾಲ ಆತನ ಹತ್ರ ಟಿಕೇಟಿನ ಕಾಪಿ ಇರಬೇಕು," ಎಂದಿತು ಕಮಿಟಿ. "ಹೋಗು. ಕೋಟೂ ಒಯ್ಯಿ, ಮೈಗೆ ಸರಿ ಹೊಂದಿಸಿಕೊಂಡು ಬಾ."

ಕೋಟು ಯಾವ ಚೀಲದಲ್ಲೂ ಹಿಡಿಯಲಿಲ್ಲ. ಹನ್ನೊಂದರ ಸ್ಲೋ ಲೋಕಲ್ಲಿನ ಮಹಿಳಾ ಡಬ್ಬಿಯಲ್ಲಿ ಅದನ್ನು ತಬ್ಬಿಕೊಂಡು ನಿಂತರೆ ಇಬ್ಬರ ಜಾಗ ಬೇಕು. ಕೊನೆಗೆ ಶಿವಕುಮಾರಿ ಅದನ್ನು ತೊಟ್ಟಳು. ಸುತ್ತಲಿನ ಹೆಂಗಸರು ನೋಡಿದರು. ಮಾಟುಂಗಾದಲ್ಲಿ ಒಬ್ಬಳು ಹಿಂದಿಯಲ್ಲಿ ಕೇಳಿದಳು, "ಜ್ವರಾನಾ?" ದಾದರ್‌ನಲ್ಲಿ ಇನ್ನೊಬ್ಬಳು ಎದ್ದು ಸೀಟು ಬಿಟ್ಟಳು. ಪರೇಲ್ ಬರುವ ಹೊತ್ತಿಗೆ ಅವಳ ಎರಡೂ ಬದಿಗೆ ಒಂದೊಂದು ಗೇಣು ಖಾಲಿ ಜಾಗವಿತ್ತು. ಬೆವರು ಕುತ್ತಿಗೆಯಿಂದ ಇಳಿಯುತ್ತಿತ್ತು. ಈ ಊರಿನ ಲೋಕಲ್ಲಿನಲ್ಲಿ ಅವಳನ್ನು ಯಾರೂ ಮುಟ್ಟದೆ ನಾಲ್ಕು ಸ್ಟೇಷನ್ ಕಳೆದದ್ದು ಅದೇ ಮೊದಲು. ದೇವಾನಂದನಿಗೆ ಹೇಳಬೇಕು ಎಂದುಕೊಂಡಳು. ಆಮೇಲೆ ಕಿಟಕಿಯ ಹೊರಗೆ ನೋಡಿದಳು.

ಚಾಂದಸಾಬ ಗೇಟಿನ ಬಳಿಯ ಬೆಂಚಿನಿಂದ ಗಾಬರಿಯಾಗಿ ಎದ್ದ. "ಅರೆ ಭಾಬಿ! ಬಿಸಲಾಗ ಕೋಟ್ ತೊಟ್ಕೊಂಡು ಬಂದ್ರಿ? ನಾನೇ ಬಂದು ಒಯ್ತಿದ್ದೆ. ಕೇಳಾಕ ಮನಸ್ಸಾಗ್ಲಿಲ್ಲ."

"ಟಿಕೇಟಿನ ಕಾಪಿ ನಿಮ್ಮ ಹಂತ್ಯಾಕ ಅದಽ ಅಣ್ಣಾ? ಒಂಬತ್ತಕ್ಕ ನಾ ಹೊಂಟೀನಿ. ಒಬ್ಬಾಕಿನೇ."

ಚಾಂದಸಾಬ ಅವಳ ಮುಖ ನೋಡಿದ, ನೆಲ ನೋಡಿದ, ಬೆಂಚು ಒರೆಸಿದ.

"ನಿಮಗ ಹೇಳಿಲ್ಲೇನು ಆತ?"

"ಏನು?"

"ಕ್ಯಾನ್ಸಲ್ ಮಾಡ್ಯಾನಲ್ಲ ಭಾಬಿ, ಡಿಸೆಂಬರಾಗಽ. ಇದೇ ಬೆಂಚಿನ ಮ್ಯಾಲ ಕುಂತು. ಆಗಷ್ಟೇ ಒಳಗಿಂದ ಬಂದಿದ್ದ, ಬೆರಳು ಸೆಟೆದು ಮೊಬೈಲ್ ಕೇಳಲೇ ಇಲ್ಲ, ಮೂರು ಸಲ ಒತ್ತಬೇಕಾತು. ಆಕಿಗಿ ಮನಸ್ಸಿಲ್ಲಲೇ ಚಾಂದ್ಯಾ, ಅಲ್ಲಿ ಯಾರ ಕೂಡ ಮಾತಾಡ್ಲಿ ಅಂತಾಳ ಅಂದ."

ಶಿವಕುಮಾರಿ ಬೆಂಚಿನ ಮೇಲೆ ಕೂತಳು.

"ಮತ್ತ ಆ ಸಾಮಾನೆಲ್ಲಾ?"

"ಅದಽ ತ್ರಾಸಾಗಿತ್ತು ನೋಡ್ರಿ ಆತಗ. ಥರ್ಮಾಸ್ ತಿರುಗಿ ಕೊಟ್ರ ಬಿಲ್ಡಿಂಗ್‌ನವರು ಯಾಕ ಅಂತಾರ, ಆಕಿ ಹೆಸರು ಬರ್ತದ, ಆಕಿಗಿ ಮಾತು ಕೇಳಬೇಕಾಗ್ತದ. ಒಂಬತ್ತನೇ ತಾರೀಕು ದಾಟ್ಲಿ, ವಿಮಾನ ರದ್ದಾತು ಅಂತ ಹೇಳ್ತೀನಿ ಅಂದಿದ್ದ."

"ಡಿಸೆಂಬರ್ ಆದ ಮ್ಯಾಲೂ ಶನಿವಾರ ಶನಿವಾರ ಬರ್ತಿದ್ದನಲ್ಲ?"

"ಬರ್ತಿದ್ದ. ನಾನೂ ಕೇಳ್ದೆ, ಈಗ್ಯಾಕಪ್ಪಾ ಪ್ರಾಕ್ಟೀಸ್ ಅಂತ. ಒಳಗ ಯಾರೂ ಇರಂಗಿಲ್ಲ ಅಂದ."

ಚೀಲದಲ್ಲಿ ಅವಳ ಮೊಬೈಲು ಹೊಡೆದುಕೊಂಡಿತು. ಕಸ್ತೂರಿಬಾಯಿ. ಹಿಂದೆ ಇಡೀ ಕಾರಿಡಾರು ಗಲಗಲ ಎನ್ನುತ್ತಿತ್ತು. "ಸಿಕ್ತೇನವಾ ಟಿಕೇಟ? ಮೂರನೇ ಮಾಳಿಗ್ಯವರು ಕೈಚೀಲ ಕಳಿಸ್ಯಾರ, ಬ್ಯಾಡ ಅನ್ನಬ್ಯಾಡ. ರಾಯರು ನಿನ್ನ ಸಲುವಾಗಿ ಹೊಸಾ ಸಾಕ್ಸ್ ತರಾಕ ಹೋಗ್ಯಾರ. ಸಿಕ್ತೋ ಇಲ್ಲೋ?"

ಶಿವಕುಮಾರಿ ಮೊಬೈಲನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು. ಇಲ್ಲವೆಂದರೆ ಅವರು ಯಾಕೆಂದು ಕೇಳುತ್ತಾರೆ. ಯಾಕೆಂದು ಹೇಳಿದರೆ ಅವನು ಡಿಸೆಂಬರಿನಿಂದ ಸುಳ್ಳು ಹೇಳಿದನೆಂದಾಗುತ್ತದೆ.

"ಸಿಕ್ತ್ರಿ," ಎಂದಳು.

ಫೋನಿನಲ್ಲಿ ಕಾರಿಡಾರು ಚಪ್ಪಾಳೆ ತಟ್ಟಿತು.

ಅವಳು ಎದ್ದು ಕೋಟಿನ ಗುಂಡಿ ಕುತ್ತಿಗೆಯವರೆಗೆ ಹಾಕಿಕೊಂಡಳು. ಚಾಂದಸಾಬ ಏನೂ ಕೇಳದೆ ಕೋಲ್ಡ್ ಸ್ಟೋರೇಜಿನ ದಪ್ಪ ಬಾಗಿಲಿನ ಹಿಡಿ ಎಳೆದ. ಒಳಗೆ ಹಸಿರು ಬಟಾಣಿಯ ಚೀಲಗಳು ಸೂರಿನವರೆಗೆ ಇದ್ದವು. ಬಾಗಿಲು ಹಿಂದೆ ಮುಚ್ಚಿತು. ಯಂತ್ರದ ಸಣ್ಣ ಸದ್ದು, ಅದು ಬಿಟ್ಟರೆ ಏನೂ ಇಲ್ಲ. ಮಾರ್ಕೆಟ್ಟಿಲ್ಲ, ಲೋಕಲ್ಲಿಲ್ಲ, ಕಸ್ತೂರಿಬಾಯಿಯಿಲ್ಲ. ಅವಳ ಉಸಿರು ಬಾಯಿಂದ ಹಬೆಯಾಗಿ ಹೊರಟು ಮುಂದೆ ನಿಂತಿತು. "ಹೂಂ, ಹೇಳು," ಎಂದಳು. ಇನ್ನೊಂದು ಉಸಿರು ಬಂದು ಅದರ ಪಕ್ಕಕ್ಕೆ ನಿಂತಿತು. ಕಣ್ಣಲ್ಲಿ ನೀರು ತುಂಬಿತು, ರೆಪ್ಪೆಯ ಮೇಲೆಯೇ ಹೆಪ್ಪುಗಟ್ಟಿತು.

ಹತ್ತು ನಿಮಿಷಕ್ಕೆ ಚಾಂದಸಾಬ ಬಾಗಿಲು ಬಡಿದ.

ಹೊರಗೆ ಬಂದು ಅವಳು ಕೋಟು ಬಿಚ್ಚಿದಳು. ಕೊರಳಪಟ್ಟಿ ಸರಿಮಾಡಿ, ತೋಳು ಒಳಗೆ ಮಡಚಿ, ಎರಡೂ ಕೈಯಲ್ಲಿ ಹಿಡಿದು ಚಾಚಿದಳು.

"ಇಟ್ಕೊಳ್ರಿ ಭಾಬಿ," ಎಂದ ಚಾಂದಸಾಬ. "ಹೋಗ್ತೀನಂತ ಹೇಳೀರಿ. ಕೋಟ್ ಬಿಟ್ಟು ಮನಿಗಿ ಹೋದ್ರ ಅವರು ಕೇಳಂಗಿಲ್ಲೇನು?"

"ಕೇಳ್ತಾರ. ಆಮ್ಯಾಲ ಇನ್ನೊಂದು ಕೊಡ್ತಾರ." ಅವಳು ಕೋಟನ್ನು ಅವನ ಕೈಗಿಟ್ಟಳು. "ಇದು ಇಲ್ಲೇ ಇರ್ಲಿ. ಶನಿವಾರ ಬರ್ತೀನಿ."

ಚಾಂದಸಾಬ ಅದನ್ನು ಏಳನೇ ನಂಬರಿನ ಗೂಟಕ್ಕೆ ತೂಗುಹಾಕಿದ.