ದೇವರ ಪಟದ ಹಿಂದಿನ ಮಾತ್ರೆ

ನಮ್ಮ ಮನೇಲಿ ಅನುಮಾನವನ್ನು ಯಾರೂ ಬಿತ್ತಬೇಕಿಲ್ಲ, ಜಾಲಿಗಿಡದ ಹಾಗೆ ತಾನೇ ಏಳುತ್ತೆ. ಹೋದ ವರ್ಷ ಎದ್ದದ್ದು ಒಂದು ಪುಟ್ಟ ಮಾತ್ರೆಯಿಂದ.

ನಾನು ಏಳನೇ ಕ್ಲಾಸಿಗೇ ಸ್ಕೂಲಿಗೆ ಕೈಮುಗಿದವನು. ಲಗೇಜ್ ಆಟೋದಲ್ಲಿ ಪ್ಲಾಸ್ಟಿಕ್ ಬಿಂದಿಗೆ, ಬಕೆಟ್ಟು ತುಂಬಿಕೊಂಡು ಮಧುಗಿರಿ, ಸಿರಾ, ಪಾವಗಡ ಅಂತ ಸಂತೆ ಸುತ್ತುತ್ತೀನಿ, ಮನೆ ಹೊಳವನಹಳ್ಳಿ. ಹೆಂಡತಿಗೆ ಆಪರೇಷನ್ ಆಗಿ ಹೆಣ್ಣುಮಗು ಹುಟ್ಟಿತ್ತು. "ಮೂರು ವರ್ಷ ಇನ್ನೊಂದು ಬೇಡ, ಹೊಲಿಗೆ ತಡೆಯಲ್ಲ" ಅಂತ ಡಾಕ್ಟರಮ್ಮ ಮಾತ್ರೆ ಬರೆದುಕೊಟ್ಟರು. ದಿನಾ ಒಂದೇ ಹೊತ್ತಿಗೆ, ಒಂದು ದಿನವೂ ಬಿಡದ ಹಾಗೆ. ನಮ್ಮವ್ವನೋ, ತೊಟ್ಟಿಲು ಶಾಸ್ತ್ರದ ದಿನವೇ "ಬರೋ ವರ್ಷ ಗಂಡು" ಅಂತ ಊರಿಗೆಲ್ಲ ಸಾರಿದ್ದಳು. ಅವಳಿಗೆ ಗೊತ್ತಾದರೆ ಮಾತ್ರೆ ತಿಪ್ಪೆಗೆ, ಹೆಂಡತಿ ಮತ್ತೆ ಆಪರೇಷನ್ ಟೇಬಲ್ಲಿಗೆ.

೧. ಸಿರಾದ ಅಂಗಡಿ

ಊರಲ್ಲಿ ಕೊಂಡರೆ ಸುದ್ದಿ ನನಗಿಂತ ಮೊದಲು ಮನೆ ಸೇರುತ್ತೆ. ಅದಕ್ಕೇ ಸಿರಾದಲ್ಲಿ ಕೊಂಡೆ. ಚೀಟಿ ನೋಡಿದ ಮೆಡಿಕಲ್ ಸಾಹೇಬ್ರು, "ಮನೇಲಿ ಮಗೂಗೆ ಹಾಲು ಕುಡಿಸ್ತಾರಾ?" ಅಂದರು.

ನನ್ನ ಮನೆ ವಿಚಾರ ಇವರಿಗ್ಯಾಕೆ ಅಂತ ರೇಗಿತು. "ಯಾಕೆ, ಮಿಕ್ಕಿದ್ರೆ ಡೈರಿಗೆ ಹಾಕ್ಬೇಕಾ?"

"ಅರೆ ಭಾಯ್, ಹಾಲು ಕುಡಿಸೋರಿಗೆ ಇದೇ ಸರಿ ಅಂತ ಕೇಳ್ದೆ. ಗುಸ್ಸಾ ಇಳಿಯೋಕೆ ನಿಮಗೂ ಏನಾದ್ರೂ ಕೊಡ್ಲಾ?"

೨. ಢಣ್ ಢಣ್

ಮಾತ್ರೆ ನೆನಪಿಸೋಕೆ ಇಟ್ಟ ಅಲಾರಂ ಸಂಜೆ ಆರೂವರೆಗೆ ಹೆಂಡತಿಯ ಫೋನಲ್ಲಿ ಗುಡಿಯ ಗಂಟೆ ಥರ ಹೊಡೆಯೋದು. ಮೂರನೇ ದಿನವೇ ಅವ್ವನ ಕಿವಿ ನೆಟ್ಟಗಾಯಿತು.

"ಯಾರಮ್ಮ ಅದು, ದಿನಾ ದೀಪ ಹಚ್ಚೋ ಹೊತ್ಗೇ ಫೋನ್ ಮಾಡೋರು?"

"ಯಾರೂ ಅಲ್ಲ ಅತ್ತೆ. ಗೊರವನಹಳ್ಳಿ ಮಹಾಲಕ್ಷ್ಮಮ್ಮನಿಗೆ ಹರಕೆ. ಇದೇ ಹೊತ್ಗೆ ದೇವರ ಮನೇಲಿ ತೀರ್ಥ ಕುಡೀಬೇಕು."

ಮಾತ್ರೆ ಇದ್ದದ್ದೇ ಅಲ್ಲಿ, ಪಟದ ಹಿಂದೆ. ಹರಕೆ ಅಂದಮೇಲೆ ಗಂಡುಮಗುವಿಗೇ ಅಂತ ಅವ್ವ ತೀರ್ಮಾನ ಮಾಡಿದಳು. ಆಮೇಲೆ ಫೋನು ಸುಮ್ಮನಿದ್ದರೂ ಅವಳು ಬಿಡಳು: "ಆರೂವರೆ ಆಯ್ತು ಕಣಮ್ಮ! ಒಂದಿನ ತಪ್ಪುದ್ರೂ ಫಲ ಸಿಕ್ಕಕಿಲ್ಲ!"

ಡಾಕ್ಟರಮ್ಮ ಹೇಳಿದ್ದೂ ಅದನ್ನೇ.

೩. ಹೊಸಿಲು

ಈ ಮಾತ್ರೆ ತಗೊಂಡಾಗ ಮುಟ್ಟು ಹೊತ್ತಲ್ಲದ ಹೊತ್ತಲ್ಲಿ ಕಾಣಿಸಬಹುದು, ಗಾಬರಿ ಬೇಡ ಅಂತಲೂ ಡಾಕ್ಟರಮ್ಮ ಹೇಳಿದ್ದರು. ಮುಟ್ಟಾದವರು ನಮ್ಮ ದೇವರ ಮನೆ ಹೊಸಿಲು ದಾಟೋ ಹಾಗಿಲ್ಲ ಅನ್ನೋದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ನಾವೇ ಮಾತ್ರೆಯನ್ನು ಅಲ್ಲಿಟ್ಟಿದ್ದೆವು.

ಶುರುಮಾಡಿ ಹದಿನೈದು ದಿನ ಆಗಿತ್ತೇನೋ. ನಾನು ಪಾವಗಡ ಸಂತೆಯಲ್ಲಿದ್ದೆ. ಒಬ್ಬ ಹೆಂಗಸು ಬಿಂದಿಗೆ ಹಿಡಿದು ಚೌಕಾಸಿ ಮಾಡುತ್ತಿದ್ದಾಗ ಹೆಂಡತಿಯ ಫೋನು. "ರೀ, ಹೊರಗಾಗಿದೀನಿ. ಮಾತ್ರೆ ಒಳಗಿದೆ. ಆರೂವರೆಯೊಳಗೆ ಬನ್ನಿ." ಆ ಹೆಂಗಸಿನ ಕೈಯಿಂದ ಬಿಂದಿಗೆ ಕಸಿದುಕೊಂಡು ಆಟೋ ಹತ್ತಿದೆ.

"ಏಮಯ್ಯಾ, ಬೇರಂ ಮಧ್ಯಲೋ ಎಕ್ಕಡಿಕಿ?" ಚೌಕಾಸಿ ಮಧ್ಯೆ ಎಲ್ಲಿಗೆ ಅಂತ ತೆಲುಗಲ್ಲಿ ಕೂಗಿದಳು.

"ದೇವರ ಮನೆಗಮ್ಮಾ!"

ಊರು ಮುಟ್ಟಿದಾಗ ಆರೂವರೆಗೆ ಐದು ನಿಮಿಷ ಇತ್ತು. ಹೆಂಡತಿ ಜಗಲಿ ಮೇಲೆ, ಮುಖ ಬಿಳಿಚಿಕೊಂಡು. ಅವ್ವ ದೇವರ ಮನೆ ಹೊಸಿಲ ಮೇಲೆ, ಕೈಯಲ್ಲಿ ಮಾತ್ರೆಯ ಹಾಳೆ.

"ಹರಕೆ ತಪ್ಪಬಾರ್ದು, ಇವಳ ಬದಲು ನಾನೇ ತೀರ್ಥ ಇಡಾನ ಅಂತ ಪಟ ಒರೆಸ್ದೆ. ಇದು ಬಿತ್ತು. ಆಸ್ಪತ್ರೆ ಕಡೆಯಿಂದ ಮನೆಮನೆಗೆ ಬರೋ ಆಶಾ ಅಮ್ಮನ್ನ ಕೇಳ್ದೆ, ಯಾತರ ಮಾತ್ರೆ ಅಂತ ಹೇಳಿ ಹೊಲಿಗೆ ಇಚಾರನೂ ಹೇಳುದ್ಲು."

"ಅವ್ವಾ, ಅದು..." ಅಂತ ಶುರುಮಾಡಿದೆ.

"ಅದಿರ್ಲಿ ಬುಡು. ನೀನು ತಿಂಗಳಿಗೆ ಎಂಟು ದಿನ ಮನೇಲಿದ್ರೆ ಹೆಚ್ಚು. ಇದ್ರಾಗೆ ಇಪ್ಪತ್ತೆಂಟು ಗುಳಿ ಅವೆ. ಮಿಕ್ಕಿದ್ದು ಯಾರಿಗ್ಲಾ?"

ಸುಳ್ಳು ಯಾಕೆ ಹೇಳಲಿ, ಒಂದು ಕ್ಷಣ ನನಗೂ ಚುರುಕ್ ಅಂತು. ಮೆಲ್ಲಗೆ ಹೆಂಡತಿ ಕಡೆ ತಿರುಗಿದೆ.

"ಏನು ಹಂಗೆ ನೋಡ್ತೀರಾ? ಬರೋ ದಿನ ಯಾವತ್ತಾದ್ರೂ ಹೇಳಿ ಬಂದಿದ್ದೀರಾ ನೀವು?"

ಅವ್ವ ಹಾಳೆಯಿಂದ ಒಂದು ಮಾತ್ರೆ ಕಿತ್ತು, ಎದ್ದು ಬಂದು, ಮೈಲಿಗೆ ತಗಲದ ಹಾಗೆ ಮೇಲಿಂದ ಸೊಸೆಯ ಅಂಗೈಗೆ ಬೀಳಿಸಿದಳು.

"ನುಂಗಮ್ಮ, ಹೊತ್ತಾಯ್ತು. ಇವ್ನಪ್ಪನೂ ಹಿಂಗೇಯ, ಹೇಳ್ದೆ ಕೇಳ್ದೆ ಬಂದ್ಬುಡೋನು. ಆಗ ಇಂಥದ್ದು ಸಿಕ್ಕಿದ್ರೆ ಇವ್ನು ಯಾಕೆ ಹುಟ್ಟೋನು? ಐದ್ನೇದು!"