ಜೋಳಕ್ಕೆ ತಂದ ಬೂತಾಯಿ

"ಇನ್ನೂರೈವತ್ತು ವರ್ಷದ ದೇಶ. ಅದಕ್ಕೊಂದು ಚರಿತ್ರೆ. ಅದರಲ್ಲೂ ಆರಂಭದ್ದು ಮಾತ್ರ. ಅಷ್ಟನ್ನು ಕಲೀಲಿಕ್ಕೆ ಒಂದು ಇಡೀ ಸೆಮಿಸ್ಟರ್ ಬೇಕಾ? ನಾನಾದ್ರೆ ಒಂದು ಆದಿತ್ಯವಾರ ಕಾಫಿ ಕುಡಿದು ಕೂತು ಊಟಕ್ಕೆ ಏಳುವಾಗ ಮುಗಿಸ್ತೇನೆ!"

ಆಲಂಕಾರಿನ ಮುರಳಿಕೃಷ್ಣ ಭಟ್ಟರು ಹೀಗೆ ಘೋಷಿಸಿದ್ದು ಮಗಳು ತನ್ಮಯೀಯ ಹೆಗಲ ಮೇಲಿಂದ ಲ್ಯಾಪ್‌ಟಾಪಿಗೆ ಇಣುಕುತ್ತಾ. ಪುತ್ತೂರಿನ ಕಾಲೇಜಿಗೆ ಹೋಗುವ ಅವಳಿಗೆ ಹೊರಗಿನ ಒಂದು ಆನ್‌ಲೈನ್ ಕೋರ್ಸು ಮಾಡಬೇಕಿತ್ತು. ಅಮೆರಿಕದ ಯಾವುದೋ ಕಾಲೇಜಿನವರು ತಮ್ಮ ದೇಶದ ಆರಂಭಕಾಲದ ಚರಿತ್ರೆಯನ್ನು ಊರಿಗೆಲ್ಲ ಹೇಳಿಕೊಡುತ್ತಿದ್ದರು. ವಯಸ್ಸಿನ ಮಿತಿ ಇಲ್ಲ ಎಂದು ಕಂಡದ್ದೇ ತಡ, ಭಟ್ಟರು ತಮ್ಮ ಹೆಸರನ್ನೂ ಸೇರಿಸಿಬಿಟ್ಟರು. ಮಗಳು ಎರಡನೇ ವಾರಕ್ಕೆ ಬೇಸತ್ತು ಬೇರೆ ಕೋರ್ಸಿಗೆ ಹಾರಿದಳು. ಅಪ್ಪ ಮಾತ್ರ ಅಲ್ಲೇ ಉಳಿದರು.

ಉಳಿದದ್ದು ಹಟಕ್ಕಲ್ಲ, ಕುತೂಹಲಕ್ಕೆ. ಪಾಠ ಮಾಡುವ ಮಾರ್ಗರೆಟ್ ಮೇಡಂ ಪರದೆಯಲ್ಲಿ ಬಂದು ಹಡಗು, ಚಳಿ, ಹಸಿವು ಅಂತ ಶುರು ಮಾಡಿದರೆ ಭಟ್ಟರಿಗೆ ಇಲ್ಲಿ ಅನ್ನ ಸೇರುತ್ತಿರಲಿಲ್ಲ. ಅಷ್ಟು ತಿಂಗಳು ಹಡಗಿನಲ್ಲಿ ಕುಡಿಯುವ ನೀರಿಗೆ ಏನು ಮಾಡಿದರು? ಉಪ್ಪಿನಕಾಯಿ ಇತ್ತೋ? ಇಳಿದ ಕೂಡಲೇ ಬಾವಿ ತೋಡಿದರೋ, ಹೊಳೆ ಹುಡುಕಿದರೋ? ಕಡಬದಲ್ಲಿ ಅವರದ್ದು ಪಂಪು, ಪೈಪುಗಳ ಅಂಗಡಿ. ಅಲ್ಲಿಗೆ ಒಂದು ಇಂಚಿನ ಎಲ್ಬೋ ಕೇಳಲು ಬಂದವರು ಎಲ್ಬೋದ ಜೊತೆಗೆ ಅಮೆರಿಕದ ಅರ್ಧ ಶತಮಾನವನ್ನೂ ಹೊತ್ತುಕೊಂಡು ಹೋಗಬೇಕಾಯಿತು. ಅವಸರದವರು ಎದುರಿನ ಅಂಗಡಿಗೆ ಹೋಗತೊಡಗಿದರು.

ಭಟ್ಟರು ಒಳ್ಳೆಯವರೇ. ಅವರಿಗಿದ್ದ ರೋಗ ಒಂದೇ, ಯಾರು ಏನು ಹೇಳಹೊರಟರೂ ನಡುವೆ "ನನಗೆ ಗೊತ್ತುಂಟು" ಅನ್ನುವುದು. ಈ ಎರಡು ಶಬ್ದಗಳಿಂದಾಗಿಯೇ ಹೆಂಡತಿ ಕೌಸಲ್ಯಾಳ ತವರಿನ ದಾರಿ ಎರಡು ವರ್ಷದಿಂದ ಮುಚ್ಚಿತ್ತು. ಆಗ ಒಂದು ಮದುವೆಯ ಊಟದ ಸಾಲಿನಲ್ಲಿ ಅವಳ ಅಣ್ಣ, ಪಂಜದ ಪರಮೇಶ್ವರ ಭಟ್ಟರು, ತಮ್ಮ ಹಿರಿಯರು ಘಟ್ಟ ಇಳಿದು ಬಂದ ಕಥೆ ಹೇಳುತ್ತಿದ್ದರು. ಪಕ್ಕದ ಎಲೆಯಲ್ಲಿದ್ದ ಮುರಳಿಕೃಷ್ಣ ಭಟ್ಟರು, "ಹಾಗಲ್ಲ ಭಾವ, ನನಗೆ ಗೊತ್ತುಂಟು" ಎಂದು ತಿದ್ದಿದರು. ಸಾರು ಬರುವಾಗ ಒಮ್ಮೆ, ಸಾಂಬಾರು ಬರುವಾಗ ಇನ್ನೊಮ್ಮೆ. ಪಾಯಸ ಬರುವ ಮೊದಲೇ ಭಾವ ಎಲೆ ಬಿಟ್ಟು ಎದ್ದರು. ಊಟದ ನಡುವೆ ಎದ್ದುಹೋದ ಮನುಷ್ಯ ಮತ್ತೆ ಈ ಮನೆಯ ಮೆಟ್ಟಿಲು ಹತ್ತಲಿಲ್ಲ.

ಈಗ ಅದೇ ಅಣ್ಣನ ಮಗಳು ದೀಪ್ತಿಯ ಮದುವೆ ನಿಶ್ಚಯವಾಗಿತ್ತು. ಅವರ ಕಡೆಯ ಕ್ರಮ ಎಂದರೆ ಮನೆಯ ಹಿರಿಯರು ಸ್ವತಃ ಬಂದು, ಕೂತು, ಅಕ್ಷತೆ ಕೊಟ್ಟು ಮದುವೆಗೆ ಕರೆಯುವ ಹೇಳಿಕೆ ಹೇಳಬೇಕು. ವಾಟ್ಸಾಪಿನಲ್ಲಿ ಬಂದ ಮದುವೆ ಕಾಗದಕ್ಕೆ ಯಾರೂ ಹೋಗುವುದಿಲ್ಲ. ಅಣ್ಣ ಬಾರದಿದ್ದರೆ ಸೋದರತ್ತೆ ಇಲ್ಲದೆಯೇ ಆ ಮದುವೆ ಆಗಬೇಕು. ಕೌಸಲ್ಯಾ ದಿನಾ ಫೋನು ನೋಡಿ ನಿಟ್ಟುಸಿರು ಬಿಡುತ್ತಿದ್ದಳು. ಕೊನೆಗೊಂದು ದಿನ ಫೋನು ಬಂತು. ಆದಿತ್ಯವಾರ ಬೆಳಿಗ್ಗೆ ಬರುತ್ತೇನೆ ಎಂದಿದ್ದರು ಅಣ್ಣ.

"ನೋಡಿ, ನಿಮ್ಮ ಕಾಲು ಹಿಡಿತೇನೆ," ಎಂದಳು ಕೌಸಲ್ಯಾ. "ಅಣ್ಣ ಬಂದಾಗ ನಿಮ್ಮ ಬಾಯಿಂದ 'ಗೊತ್ತುಂಟು' ಅಂತ ಬರ್ಬಾರ್ದು. ಹೌದು, ಇಲ್ಲ, ಅಷ್ಟೇ. ಆ ಅಮೆರಿಕದ ಸುದ್ದಿಯೂ ಬೇಡ."

"ನಾನೆಂತ ಸಣ್ಣ ಮಗುವಾ? ಗೊತ್ತುಂಟು ನನಗೆ," ಎಂದರು ಭಟ್ಟರು.

ಅವಳು ಹಣೆ ಚಚ್ಚಿಕೊಂಡಳು.

ಅದೇ ಆದಿತ್ಯವಾರ ಸಂಜೆಯೊಳಗೆ ಕೋರ್ಸಿನ ದೊಡ್ಡ ಕೆಲಸವನ್ನೂ ಒಪ್ಪಿಸಬೇಕಿತ್ತು. ಆ ಕಾಲದ ಜನ ಮಾಡುತ್ತಿದ್ದ ಒಂದು ಕೆಲಸವನ್ನು ನಿಮ್ಮ ಮನೆಯಲ್ಲಿ ಮಾಡಿ ನೋಡಿ, ಫೋಟೋ ಸಮೇತ ಬರೆಯಿರಿ ಎಂದಿದ್ದರು ಮೇಡಂ.

"ಬೆಣ್ಣೆ ಕಡೀಬಹುದಲ್ಲ ಅಪ್ಪ," ಎಂದಳು ತನ್ಮಯೀ.

"ಅದನ್ನು ನಿನ್ನ ಅಮ್ಮ ದಿನಾ ಮಾಡ್ತಾಳೆ. ಅದಕ್ಕೆ ಮಾರ್ಕು ಕೊಡ್ಲಿಕ್ಕೆ ಅವರಿಗೆಂತ ಹುಚ್ಚಾ?"

ಭಟ್ಟರ ಕಣ್ಣು ಬಿದ್ದದ್ದು ಬೇರೆ ಪಾಠದ ಮೇಲೆ. ಹಡಗಿನಿಂದ ಇಳಿದವರಿಗೆ ಅಲ್ಲಿನ ಮೂಲ ನಿವಾಸಿಗಳು ಮುಸುಕಿನ ಜೋಳ ಬೆಳೆಯುವ ಉಪಾಯ ಹೇಳಿಕೊಟ್ಟಿದ್ದರು. ಮಣ್ಣಿನ ಗುಪ್ಪೆ ಮಾಡಿ ಅದರಲ್ಲೇ ಜೋಳ, ಅದಕ್ಕೆ ಹಬ್ಬಲು ಅಲಸಂಡೆಯಂಥ ಬಳ್ಳಿ, ನೆಲ ಮುಚ್ಚಲು ಚೀನಿಕಾಯಿ, ಅಂದರೆ ಸಿಹಿಗುಂಬಳ. ಎಂಥ ತಲೆ! ಭಟ್ಟರು ಕುರ್ಚಿಯಿಂದ ಅರ್ಧ ಎದ್ದೇ ನಿಂತರು. ಮನೆಯ ಹಿಂದೆ ದನದ ಹಟ್ಟಿ ಕೆಡವಿದ ಜಾಗ ಖಾಲಿ ಬಿದ್ದಿತ್ತು. ಬೀಜ ಕಡಬದಲ್ಲೇ ಸಿಗುತ್ತಿತ್ತು. ಉಳಿದದ್ದು ಒಂದೇ ಒಂದು ತೊಡಕು. ಪ್ರತಿ ಗುಪ್ಪೆಯ ಬುಡದಲ್ಲಿ ಗೊಬ್ಬರಕ್ಕೆಂದು ಅವರು ಒಂದೊಂದು ಮೀನು ಹೂಳುತ್ತಿದ್ದರು.

ಏಳು ತಲೆಮಾರಿನಿಂದ ಬೆಳ್ಳುಳ್ಳಿಯನ್ನೇ ಒಳಗೆ ಬಿಡದ ಮನೆ ಅದು. ಆದರೆ ಕುತೂಹಲ ಹೊಕ್ಕ ತಲೆಗೆ ತಲೆಮಾರಿನ ಲೆಕ್ಕ ಎಲ್ಲಿ ತಾಗುತ್ತದೆ? ತಿನ್ನಲಿಕ್ಕಲ್ಲ, ಹೂಳಲಿಕ್ಕೆ, ಹೂತರೆ ಅದು ಮೀನಲ್ಲ, ಗೊಬ್ಬರ, ಗೊಬ್ಬರಕ್ಕೆ ಮಡಿ ಮೈಲಿಗೆ ಇಲ್ಲ. ಹೀಗೆ ತಮ್ಮಷ್ಟಕ್ಕೆ ವಾದ ಮಾಡಿ, ತಾವೇ ಗೆದ್ದು, ಶನಿವಾರ ಕೌಸಲ್ಯಾ ಅಣ್ಣನ ಸತ್ಕಾರದ ಸಾಮಾನು ತರಲು ಮಗಳೊಂದಿಗೆ ಪುತ್ತೂರಿಗೆ ಹೋದ ಹೊತ್ತು ನೋಡಿ ಗೇಟಿನ ಬಳಿ ನಿಂತರು.

ಆ ದಾರಿಯಲ್ಲಿ ದಿನಾ ಬೈಕಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಮೀನು ಮಾರುವವನು ನೌಷಾದ್. ಅವನ ಹಾರ್ನಿಗೆ ಊರಿನ ಬೆಕ್ಕುಗಳೆಲ್ಲ ಎದ್ದು ಕೂರುತ್ತವೆ. ಆದರೆ ಮೋರಿ ದಾಟಿ ಭಟ್ಟರ ಗೇಟು ಕಳೆಯುವವರೆಗೆ ಅವನು ಹಾರ್ನ್ ಹೊಡೆಯುವುದಿಲ್ಲ. ಅವನ ಅಪ್ಪ ಸೈಕಲಿನಲ್ಲಿ ಬರುತ್ತಿದ್ದ ಕಾಲದಿಂದ ಬಂದ ಮರ್ಯಾದೆ ಅದು. ಯಾರೂ ಹೇಳಿದ್ದಲ್ಲ, ಯಾರೂ ಕೇಳಿದ್ದಲ್ಲ.

ಭಟ್ಟರು ಕೈ ತೋರಿಸಿದರು. ಬೈಕು ನಿಂತಿತು.

"ಪೆಟ್ರೋಲ್ ಬೇಕಿತ್ತಾ ಭಟ್ರೆ?"

"ಮೀನು," ಎಂದರು ಭಟ್ಟರು.

ನೌಷಾದ್ ತಿರುಗಿ, ತನ್ನ ಹಿಂದೆ ಬೇರೆ ಯಾರಾದರೂ ಇದ್ದಾರೋ ಎಂದು ನೋಡಿದ.

"ಜೋಳಕ್ಕೆ," ಎಂದು ಭಟ್ಟರು ವಿವರಿಸಿದರು. "ಜೋಳದ ಬುಡಕ್ಕೆ ಹಾಕುದು."

ನೌಷಾದನ ಮುಖದಲ್ಲಿ ದೊಡ್ಡ ಕರುಣೆ ಮೂಡಿತು. "ಆಯ್ತು ಭಟ್ರೆ, ಜೋಳಕ್ಕೇ. ನಾನು ಯಾರಿಗೂ ಹೇಳ್ಲಿಕ್ಕಿಲ್ಲ. ಆದ್ರೆ ಸುರುವಿಗೆ ಬೂತಾಯಿ ಬೇಡ, ಮುಳ್ಳು ಜಾಸ್ತಿ. ಅಂಜಲ್ ತಗೊಳ್ಳಿ."

"ಜೋಳಕ್ಕೆ ಮುಳ್ಳಿದ್ರೆ ತೊಂದ್ರೆ ಇಲ್ಲ ಮಾರಾಯ."

"ಹೌದು ಹೌದು. ಜೋಳಕ್ಕೆ ಎಂತ ತೊಂದ್ರೆ," ಎಂದು ಅವನು ದನಿ ತಗ್ಗಿಸಿ ಬೂತಾಯಿಗಳನ್ನು ಎರಡೆರಡು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿ ಕೊಟ್ಟ.

ಕೈಗೆ ಪ್ಲಾಸ್ಟಿಕ್ ಸುತ್ತಿಕೊಂಡು, ಮೂಗನ್ನು ಹೆಗಲ ಮೇಲಿನ ಬೈರಾಸಿನಿಂದ ಬಿಗಿದುಕೊಂಡು ಭಟ್ಟರು ಗುಂಡಿ ತೋಡಿದರು. ಫೋಟೋಕ್ಕಾಗಿ ಮಾತ್ರ ಬೈರಾಸು ಇಳಿಸಿ, ಒಂದು ಬೂತಾಯಿಯನ್ನು ಬಾಲದಲ್ಲಿ ಎತ್ತಿ ಹಿಡಿದು, ನಗುತ್ತಾ ಸೆಲ್ಫಿ ತೆಗೆದರು. ಹೂಳುವಾಗ ಕೈ ಪೂರ್ತಿ ಮಣ್ಣಾಗಿದ್ದರಿಂದ ಅದರ ಫೋಟೋ ತೆಗೆಯಲಾಗಲಿಲ್ಲ. ಗುಪ್ಪೆ ಮಾಡಿ ಬೀಜ ಊರಿದರು, ಎರಡು ಸಲ ಮಿಂದರು. ಸಂಜೆ ಬಂದ ಕೌಸಲ್ಯಾ ಮೂಗರಳಿಸಿ, "ಎಂತದು ವಾಸನೆ?" ಎಂದಾಗ "ಹೊಸ ಗೊಬ್ಬರ" ಎಂದರು. ಅದು ಸುಳ್ಳಲ್ಲ ಎಂದು ಅವರಿಗೆ ಒಳಗೊಳಗೇ ಹೆಮ್ಮೆ.

ಆದಿತ್ಯವಾರ ಬೆಳಿಗ್ಗೆ ಹಿಂದೆ ಹೋಗಿ ನೋಡಿದರೆ ಗುಪ್ಪೆಗಳೆಲ್ಲ ಬಗೆದು ಹರಡಿದ್ದವು. ಒಂದು ಮೀನೂ ಇರಲಿಲ್ಲ. ಬೇಲಿಯಾಚೆ ನೆರೆಮನೆಯ ಪಂಕಜಾಕ್ಷಿಯವರ ನಾಯಿ ಹೊಟ್ಟೆ ಮೇಲೆ ಮಾಡಿ ಮಲಗಿತ್ತು. ಭಟ್ಟರು ಗಾಬರಿಯಿಂದ ಪಾಠ ತೆರೆದು ಮುಂದಿನ ಪುಟ ಓದಿದರು. ಮೀನು ಹೂತ ಮೇಲೆ ನಾಯಿಗಳು ಬಗೆಯದಂತೆ ಅವುಗಳ ಒಂದು ಮುಂಗಾಲನ್ನು ಎತ್ತಿ ಕಟ್ಟಬೇಕು ಎಂದು ಅಲ್ಲಿ ಒಂದೂರಿನವರು ಕಾನೂನನ್ನೇ ಮಾಡಿದ್ದರಂತೆ. ನಾಲ್ಕು ನೂರು ವರ್ಷದ ಹಿಂದಿನವರಿಗೆ ಹೊಳೆದದ್ದು ತನಗೆ ಹೊಳೆಯಲಿಲ್ಲವಲ್ಲ ಎಂದು ಕೊರಗುವಷ್ಟರಲ್ಲಿ ಅಂಗಳದಲ್ಲಿ ಕಾರು ನಿಂತ ಸದ್ದಾಯಿತು.

ಪರಮೇಶ್ವರ ಭಟ್ಟರು ಮೆಟ್ಟಿಲು ಹತ್ತಿದರು. ಕೌಸಲ್ಯಾ ಕಾಲಿಗೆ ನೀರು ಕೊಟ್ಟು ಕಣ್ಣೊರೆಸಿಕೊಂಡಳು. ಭಾವ ಜಗಲಿಯಲ್ಲಿ ಕೂತು ಬೆಲ್ಲ, ನೀರು ತೆಗೆದುಕೊಂಡರು.

"ಅಂಗಡಿ ಹೇಗುಂಟು?"

"ಹೌದು," ಎಂದರು ಮುರಳಿಕೃಷ್ಣ ಭಟ್ಟರು.

"ವ್ಯಾಪಾರ ಉಂಟಾ ಕೇಳಿದ್ದು."

"ಇಲ್ಲ."

ಭಾವ ಹುಬ್ಬೇರಿಸಿದರೂ ಮೆಚ್ಚಿದಂತೆಯೇ ಕಂಡಿತು. ಬೇಕೆಂದೇ ಇರಬೇಕು, ಹಿರಿಯರು ಘಟ್ಟ ಇಳಿದ ಅದೇ ಕಥೆಯನ್ನು ಮೊದಲಿಂದ ಎತ್ತಿಕೊಂಡರು. ಮುರಳಿಕೃಷ್ಣ ಭಟ್ಟರ ಗಂಟಲಲ್ಲಿ ಆ ಎರಡು ಶಬ್ದ ಏರಿ ಏರಿ ಇಳಿದವು. ಅವರು ಕಾಫಿ ನುಂಗಿದರು, ಅವಲಕ್ಕಿ ನುಂಗಿದರು, ಕೊನೆಗೆ ಬರೇ ಉಗುಳು ನುಂಗಿದರು. ಕಥೆ ಮುಗಿಯಿತು. ಯಾರೂ ತಿದ್ದಲಿಲ್ಲ. ಭಾವ ತೃಪ್ತಿಯಿಂದ ಚೀಲಕ್ಕೆ ಕೈಹಾಕಿ ಅರಶಿನ ಹಚ್ಚಿದ ಕಾಗದ ತೆಗೆದರು. ಕೌಸಲ್ಯಾ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

ಪೋಂ! ಪೋಂ!

ಗೇಟಿನಲ್ಲಿ ನೌಷಾದ್. ಗಿರಾಕಿಯಾದ ಮೇಲೆ ಹಾರ್ನ್ ಹೊಡೆಯದೆ ಹೋದರೆ ಅದು ಅವಮರ್ಯಾದೆ ಎಂದು ಅವನ ಲೆಕ್ಕ.

"ಭಟ್ರೆ, ಇವತ್ತು ಅಂಜಲ್ ಉಂಟು, ಫ್ರೆಶ್. ನಿನ್ನೆಯದ್ದು ಮುಳ್ಳು ಕಷ್ಟ ಆಗ್ಲಿಲ್ಲ ಅಲ್ಲ?"

ಭಾವನ ಕೈಯಲ್ಲಿದ್ದ ಕಾಗದ ಮೆಲ್ಲನೆ ಚೀಲದೊಳಗೆ ಹಿಂದಿರುಗಿತು. ಕೌಸಲ್ಯಾ ಗಂಡನನ್ನು ನೋಡಿದ ನೋಟವನ್ನು ಇಲ್ಲಿ ಬರೆಯದಿರುವುದೇ ಲೇಸು.

"ಯಾರಿಗೆ ಮೀನು?" ಎಂದರು ಭಾವ.

"ಜೋಳಕ್ಕೆ, ಭಾವ."

"ಹೌದು, ಜೋಳಕ್ಕೇ," ಎಂದು ನೌಷಾದ್ ಗೇಟಿನಿಂದಲೇ ಕಾಪಾಡಲು ಧಾವಿಸಿದ. "ಅವರು ತಿಂದದ್ದನ್ನು ನಾನಂತೂ ನೋಡ್ಲಿಲ್ಲ. ನನ್ನತ್ರ ಹಾಗೆಯೇ ಹೇಳಿದ್ದು ಅವರು, ಪಾಪ." ಮನೆಯವರ ಮುಖ ಕಂಡು ಅವನು ಬೈಕನ್ನು ಹಾರ್ನಿಲ್ಲದೆ ಮುಂದೆ ಬಿಟ್ಟ.

ಭಟ್ಟರು ಫೋನು ತೆಗೆದು ಸಾಕ್ಷಿ ತೋರಿಸಿದರು. ಅದರಲ್ಲಿ ಅವರು ಬೂತಾಯಿ ಎತ್ತಿ ಹಿಡಿದು ಹಲ್ಲು ಬಿಟ್ಟಿದ್ದರು.

"ಈ ನಗು ಗೊಬ್ಬರ ಹಾಕುವವರ ನಗುವಾ?" ಎಂದಳು ಕೌಸಲ್ಯಾ. ಅವಳ ದನಿ ಒಡೆದಿತ್ತು. "ಎರಡು ವರ್ಷ ಕಾದೆ ನಾನು. ಒಂದು ಬೆಳಿಗ್ಗೆ ಸುಮ್ಮನೆ ಇರ್ಲಿಕ್ಕೆ ಆಗ್ಲಿಲ್ಲ ಅಲ್ಲ ನಿಮಗೆ?"

ಭಟ್ಟರು ಭಾವನನ್ನು ಹೆಚ್ಚು ಕಡಿಮೆ ಎಳೆದುಕೊಂಡೇ ಮನೆಯ ಹಿಂದಕ್ಕೆ ಹೋದರು. ಖಾಲಿ ಗುಂಡಿಗಳು. ಒಂದರ ಅಂಚಿನಲ್ಲಿ ಮಾತ್ರ ಚೊಕ್ಕವಾಗಿ ಚೀಪಿದ ಒಂದು ಮುಳ್ಳು.

ಭಾವ ಬಗ್ಗಿ ನೋಡಿದರು. "ಇದನ್ನು ಜೋಳ ತಿಂದದ್ದಾ?"

ಇನ್ನು ದಾರಿ ಒಂದೇ ಇತ್ತು. ಭಟ್ಟರು ಲ್ಯಾಪ್‌ಟಾಪನ್ನು ಜಗಲಿಗೆ ತಂದು ಮೀನಿನ ಪಾಠ ಹಾಕಿದರು. ತನ್ಮಯೀ ಪಕ್ಕದಲ್ಲಿ ಕೂತು ಮೇಡಂ ಹೇಳಿದ್ದನ್ನು ಮಾವನಿಗೆ ಕನ್ನಡದಲ್ಲಿ ಹೇಳಿದಳು. ಗುಪ್ಪೆಯ ಚಿತ್ರ ಬಂತು, ಅದರ ಬುಡದಲ್ಲಿ ಮೀನಿನ ಚಿತ್ರವೂ ಬಂತು. ಮೊದಲು ಕುರ್ಚಿಗೆ ಒರಗಿದ್ದ ಭಾವ ಮೆಲ್ಲನೆ ಮುಂದಕ್ಕೆ ಬಾಗಿ ಕನ್ನಡಕ ಏರಿಸಿದರು. ಒಂದೇ ಗುಪ್ಪೆಯಲ್ಲಿ ಮೂರು ಬೆಳೆಯಾ, ಹಬ್ಬಲಿಕ್ಕೆ ಬೇರೆ ಕೋಲೇ ಬೇಡವಾ ಎಂದು ಕೇಳಿದರು. ಪಾಠ ಮುಗಿದಾಗ ತಂಗಿಯ ಕಡೆ ತಿರುಗಿದರು.

"ಕೌಸಲ್ಯಾ, ಇವ ಹೇಳುದು ಸತ್ಯವೇ. ಮೀನು ತಿಂದವ ಸಣ್ಣದೊಂದು ಸುಳ್ಳು ಹೇಳಿ ಮುಗಿಸ್ತಿದ್ದ. ಇಷ್ಟು ಉದ್ದದ್ದು ಕಟ್ಟುದಿಲ್ಲ."

ಅವಳಿಗೆ ಹೋದ ಜೀವ ಬಂತು. ಆದರೆ ಕಾಗದ ಇನ್ನೂ ಚೀಲದಲ್ಲೇ ಇತ್ತು. ಭಾವ ಪರದೆಯನ್ನೇ ನೋಡುತ್ತಿದ್ದರು.

"ಅಲ್ಲ ಮುರಳಿ, ಬಂದವರಿಗೆ ಈ ವಿದ್ಯೆ ಕಲಿಸಿ ಊಟ ಕೊಟ್ಟರಲ್ಲ ಆ ಊರಿನವರು, ಅವರಿಗೆ ಮತ್ತೆ ಎಂತಾಯ್ತು?"

ಮುರಳಿಕೃಷ್ಣ ಭಟ್ಟರು ಬಾಯಿ ತೆರೆದರು. ಹೆಂಡತಿ ಉಸಿರು ಬಿಗಿಹಿಡಿದಳು. ಮಗಳು ಕಣ್ಣು ಮುಚ್ಚಿಕೊಂಡಳು. ಆದರೆ ಮೀನಿನ ಗಡಿಬಿಡಿಯಲ್ಲಿ ಭಟ್ಟರು ಮುಂದಿನ ಪಾಠ ನೋಡಿಯೇ ಇರಲಿಲ್ಲ. ಎಷ್ಟು ತಡಕಿದರೂ ತಲೆಯಲ್ಲಿ ಏನೂ ಸಿಗಲಿಲ್ಲ. ಕೇಳಿದ ಮೇಲೆ ಅವರಿಗೂ ಅದನ್ನು ತಿಳಿಯದೆ ಇರಲಾಗಲಿಲ್ಲ.

"ಗೊತ್ತಿಲ್ಲ, ಭಾವ," ಎಂದರು.

ಪರಮೇಶ್ವರ ಭಟ್ಟರು ಚೀಲದಿಂದ ಕಾಗದ ತೆಗೆದು, ಅದರ ಮೇಲೆ ಅಕ್ಷತೆ ಇಟ್ಟು, ತಂಗಿಯ ಕೈಗೆ ಕೊಟ್ಟರು. "ದೀಪ್ತಿಯ ಮದುವೆ. ಎರಡು ದಿನ ಮೊದಲೇ ಬರ್ಬೇಕು. ಇವನನ್ನೂ ಕರ್ಕೊಂಡು ಬಾ." ಮತ್ತೆ ಕುರ್ಚಿಯನ್ನು ಮುರಳಿಕೃಷ್ಣ ಭಟ್ಟರ ಪಕ್ಕಕ್ಕೇ ಎಳೆದು ಕೂತರು.

"ಹಾಕು ಮುಂದಿನದ್ದು. ಗೊತ್ತಿಲ್ಲದವರ ಒಟ್ಟಿಗೆ ಕೂತು ನೋಡುದೇ ಸುಖ ಮಾರಾಯ. ನಡುವೆ ಮಾತಾಡುದಿಲ್ಲ."