ನುಣ್ಣನೆ ಟೈರು, ಎರಡು ನಿಂಬೆಹಣ್ಣು

ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಹಿರಿಯೂರಿನ ಹೈವೇ ಪಕ್ಕ ಟೈರ್ ಅಂಗಡಿ ಇಟ್ಟವನಿಗೆ ಇಂಥ ಪ್ರಸಂಗಗಳ ಬರವಿಲ್ಲ. ವಾರಕ್ಕೊಂದು ತಾನಾಗಿ ನಡೆದು ಬರುತ್ತದೆ. ನಗು ಮಾತ್ರ ತಡವಾಗಿ ಬರುತ್ತದೆ, ಬಂದರೆ.

ಹೋದ ಬೇಸಿಗೆಯಲ್ಲಿ ಚಿತ್ರದುರ್ಗದ ಹೊರಗೆ, ಒಂದು ಸೈಟೂ ಮಾರಾಟವಾಗದ ಲೇಔಟಿನ ನೆಟ್ಟಗಿನ ರಸ್ತೆಯಲ್ಲಿ ಡ್ರ್ಯಾಗ್ ರೇಸ್ ಇಟ್ಟರು. ಒಂದು ಸಲಕ್ಕೆ ಎರಡು ಕಾರು, ನಾನೂರು ಮೀಟರ್, ಮೊದಲು ಮುಟ್ಟಿದವನು ಗೆದ್ದ.

೧. ಟ್ರ್ಯಾಕ್ಟರ್ ನ್ಯಾಯ

ಟೈರಿಗಾಗಿ ಅಂಗಡಿಗೆ ಮೊದಲು ಬಂದವನು ಹರಿಯಬ್ಬೆ ಕಡೆಯ ಯುವಕ. ಗೇರ್ ಕಾರು.

"ಹಿಂದ್ಲ ಎರಡಕ್ಕೂ ರೇಸ್ ಟೈರು ಹಾಕ್ರಿ ಸಾರ್."

ಗೇರ್ ಕಾರಿನಲ್ಲಿ ಕ್ಲಚ್ ಬಿಟ್ಟೊಡನೆ ಎಂಜಿನ್ ಟೈರನ್ನು ಒದೆಯುತ್ತದೆ. ಆ ಒದೆ ತಡೆಯಲು ಪಕ್ಕೆ ಮೆತ್ತಗಿರುವ ಟೈರು ಬೇಕು. ಅದನ್ನು ತೆಗೆದಿಟ್ಟು ಹೇಳಿದೆ: "ನಿನ್ನ ಕಾರಲ್ಲಿ ಎಳೆಯೋದು ಮುಂದಿನ ಚಕ್ರ. ಹಾಕಬೇಕಾದ್ದು ಮುಂದಕ್ಕೆ."

"ಟ್ರ್ಯಾಕ್ಟರ್ ನೋಡೀರಾ?"

"ನೋಡಿದ್ದೀನಿ."

"ದೊಡ್ಡ ಟೈರು ಎಲ್ಲಿರ್ತಾವೆ?"

"ಹಿಂದೆ."

"ಮತ್ತೆ? ಟ್ರ್ಯಾಕ್ಟರ್ ಮಾಡಿದೋರು ದಡ್ರಾ?"

ಹಿಂದಕ್ಕೇ ಹಾಕಿದೆ. ಎಂ.ಎಸ್ಸಿ.ಯಲ್ಲಿ ಟ್ರ್ಯಾಕ್ಟರಿನ ಬಗ್ಗೆ ಏನೂ ಕೇಳಿರಲಿಲ್ಲ.

೨. ಸವೆದ ಟೈರು

ಮಾರನೆಯ ದಿನ ಅವನ ಸೋದರತ್ತೆಯ ಮಗ ಬಂದ, ತಾಯಿಯನ್ನೂ ಕರೆದುಕೊಂಡು. ಇವನದು ಆಟೋಮ್ಯಾಟಿಕ್. ಶೋಕಿಗೆ ಕೊಂಡದ್ದಲ್ಲ, ಎಡಗಾಲು ಮಡಚುವುದಿಲ್ಲ, ಕ್ಲಚ್ ಒತ್ತಲಾಗದು. ಬೈಕಿನಿಂದ ಬಿದ್ದದ್ದು. ಆವತ್ತು ಬೈಕ್ ಓಡಿಸುತ್ತಿದ್ದವನು ಹಿಂದಿನ ದಿನ ಬಂದಿದ್ದ, ಟ್ರ್ಯಾಕ್ಟರ್ ನ್ಯಾಯದ ಆ ಮಾವನ ಮಗನೇ.

"ಮದ್ವೆ, ತಿಥಿ, ಎಲ್ಲಿ ಸಿಕ್ರೂ 'ಕುಂಟ್ರ ಗಾಡಿ' ಅಂತಾನೆ ಸಾರ್. ಒಂದೇ ಒಂದು ಸಲ ಅವನ ಬಾಯಿ ಮುಚ್ಚಿಸ್ಬೇಕು" ಎಂದ ಮಗ.

ನಾನು ಸಾಮಾನ್ಯವಾಗಿ ಯಾರ ಪಕ್ಷವನ್ನೂ ವಹಿಸುವವನಲ್ಲ. ಆವತ್ತು ವಹಿಸಿದೆ. ಆಟೋಮ್ಯಾಟಿಕ್ ಒದೆಯುವುದಿಲ್ಲ, ತಳ್ಳುತ್ತದೆ. ಅದಕ್ಕೆ ಪಕ್ಕೆ ಬಿಗಿಯಾಗಿರುವ ಟೈರು. ಗೆರೆಯೇ ಇಲ್ಲದ ಜೋಡಿಯೊಂದನ್ನು ತೆಗೆದೆ. ಒಣ ರಸ್ತೆಯಲ್ಲಿ ಅದರ ಹಿಡಿತಕ್ಕೆ ಸಮನಿಲ್ಲ. ತೇವ ಮಾತ್ರ ತಾಗಬಾರದು.

ತಾಯಿ ಟೈರಿನ ಮೇಲೆ ಅಂಗೈ ಆಡಿಸಿದರು.

"ಏನಪ್ಪ, ನನ್ನ ಮಗಂದು ಕಾಲು ಹೋಗೈತೆ, ಕಣ್ಣು ಹೋಗಿಲ್ಲ. ಸವೆದಿರೋದು ಕೊಡ್ತೀಯಲ್ಲ?"

"ಹೊಸದಮ್ಮ. ಇದು ಇರೋದೇ ಹೀಗೆ."

"ನಮ್ಮ ಟ್ರಾಲಿದು ಇದಕ್ಕಿಂತ ನುಣ್ಣಗೈತೆ, ತಗಂತೀಯಾ?"

ಮಗ ಸಮಾಧಾನ ಮಾಡಿದ. ಮುಂದಿನ ಚಕ್ರಗಳಿಗೆ ಹಾಕಿಕೊಟ್ಟೆ. ಹೊರಡುವಾಗ ಆಕೆ, "ಆಗ್ಲಿ ಬಿಡು, ನುಣ್ಣಗಿರೋದಕ್ಕೆ ಏನು ಮಾಡ್ಬೇಕೋ ನಾನು ಮಾಡ್ತೀನಿ" ಅಂದರು.

ಏನೆಂದು ಕೇಳಲಿಲ್ಲ. ಓದಿದವರಿಗೆ ಹೇಳಿ ಅಭ್ಯಾಸ, ಕೇಳಿ ಅಲ್ಲ.

೩. ಶಾಂತಿ

ರೇಸಿನ ದಿನ ಇಬ್ಬರ ಕಾರೂ ಅಕ್ಕಪಕ್ಕ ನಿಂತವು. ಬಾವುಟದವನು ಕೈ ಎತ್ತಿದ್ದ. ಆಗ ಜನರನ್ನು ಸರಿಸಿಕೊಂಡು ಬಂದ ತಾಯಿ, ಮಗನ ಮುಂದಿನ ಎರಡು ಟೈರುಗಳಡಿಗೂ ಒಂದೊಂದು ನಿಂಬೆಹಣ್ಣು ತುರುಕಿದರು. ಹೊಸ ಗಾಡಿಗೆ ಎಲ್ಲರೂ ಇಡುವಂತೆಯೇ.

"ಅಮ್ಮಾ, ತೆಗೀರಿ! ಜಾರುತ್ತೆ!" ಎಂದು ಕೂಗಿದೆ.

"ಸುಮ್ಕಿರ್ರಿ ಸಾರ್, ಒಳ್ಳೆ ಕೆಲ್ಸಕ್ಕೆ ಅಡ್ಡ ಬಾಯಿ ಹಾಕ್ಬಾರ್ದು" ಎಂದ ಬಾವುಟದವನು, ನಿಂಬೆಹಣ್ಣಿಗೆ ತಾನೂ ಕೈ ಮುಗಿದು ಬಾವುಟ ಇಳಿಸಿದ.

ಟ್ರ್ಯಾಕ್ಟರ್ ನ್ಯಾಯದವನ ಮುಂದಿನ ಚಕ್ರ ಕಿರುಚಿ, ತಡವರಿಸಿ, ಹೇಗೋ ಹೊರಟಿತು. ಇವನ ಚಕ್ರಗಳು ರಸ, ತಿರುಳು, ಬೀಜದ ಮೇಲೆ ನಿಂತಲ್ಲೇ ಗಿರಗಿರ ತಿರುಗಿದವು. ಎರಡೇ ಸೆಕೆಂಡು. ನಾನೂರು ಮೀಟರಿನಲ್ಲಿ ಎರಡು ಸೆಕೆಂಡು ಅಂದರೆ ಹೋಗಿಬಿಟ್ಟ ಬಸ್ಸು.

ಗೆದ್ದವನು ನೇರ ನನ್ನ ಹತ್ತಿರ ಬಂದ. "ಹಿಂದ್ಲ ಟೈರು ಹೆಂಗೆ ತಳ್ಳಿದ್ವು, ನೋಡಿದ್ರಾ?" ಆಮೇಲೆ ಅತ್ತೆಯ ಮಗನ ಕಡೆ ತಿರುಗಿ, "ಏನ್ಲೇ, ನಿನ್ನ ಗಾಡಿಗೂ ಒಂದು ಕಾಲಿಲ್ವಾ?"

ಜನ ನಕ್ಕರು. ಸೋತವನು ಕಾಲು ನೀಡಿಕೊಂಡು ನೆಲದ ಮೇಲೆ ಕೂತು ಟೈರಿಗಂಟಿದ್ದ ನಿಂಬೆ ಬೀಜ ಕೀಳುತ್ತಿದ್ದ.

ತಾಯಿ ನನ್ನ ಬಳಿ ಬಂದರು. ಕಣ್ಣು ತುಂಬಿತ್ತು.

"ನಿನ್ನ ಟೈರಿಂದು ತಪ್ಪಿಲ್ಲ ಬಿಡಪ್ಪ. ತಪ್ಪು ನಂದೇ."

ಇಷ್ಟು ವರ್ಷದಲ್ಲಿ ಒಬ್ಬರಾದರೂ ಒಪ್ಪಿಕೊಂಡರಲ್ಲ ಎಂದು ಕೈ ಮುಗಿಯಲು ಹೋದೆ.

"ಮುಂದ್ಲ ಎರಡಕ್ಕೇ ಇಟ್ಟೆ," ಅಂದರು. "ನಾಕಕ್ಕೂ ಇಡಬೇಕಿತ್ತು."